ಡಿಎಚ್ ನಿಯಮ: ಹತ್ತನೆಯವನ ಲೆಕ್ಕ

ಬೇಸ್‌ಬಾಲ್ ಕಲಿಯಲು ಹೊರಟ ಮೂರನೆಯ ವಾರ ನಾನು ಎಡವಿದ್ದು ಡಿಎಚ್ (ಡೆಸಿಗ್ನೇಟೆಡ್ ಹಿಟರ್) ನಿಯಮದ ಮೇಲೆ. ಚೆಂಡು ಎಸೆಯುವ ಪಿಚರ್‌ನ ಬದಲು ಬ್ಯಾಟ್ ಮಾಡಲೆಂದೇ ಒಬ್ಬನನ್ನು ಇಟ್ಟುಕೊಳ್ಳಬಹುದು, ಅವನು ಫೀಲ್ಡಿಂಗ್ ಮಾಡುವುದಿಲ್ಲ. ನಿಯಮ ಇಷ್ಟೇ. ಇಷ್ಟಕ್ಕೆ ಅಮೆರಿಕದವರು ಅರ್ಧ ಶತಮಾನ ಏಕೆ ಜಗಳವಾಡಿದರು ಎಂಬುದು ಮಾತ್ರ ತಲೆಗೆ ಹತ್ತಲಿಲ್ಲ. ಹತ್ತಿದ್ದು ನಿನ್ನೆ, ಹಾಳೆಯ ಮೇಲೆ ಒಂದರಿಂದ ಒಂಬತ್ತರವರೆಗೆ ಬರೆದು ಹೆಸರುಗಳನ್ನು ಹೊಡೆದುಹಾಕುತ್ತಾ ಕುಳಿತಾಗ. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ನಾಲ್ಕು ಬೇಸ್, ಮೂರು ಔಟ್, ಒಂಬತ್ತು ಇನ್ನಿಂಗ್ಸ್ ಎಂಬಷ್ಟು ತಿಳಿದವರಿಗೆ ಈ ಟಿಪ್ಪಣಿ ಸಾಕು.

ನನ್ನ ಮೊದಲ ತಪ್ಪು

ಐಪಿಎಲ್ ನೋಡುವವರಿಗೆ ಡಿಎಚ್ ಎಂದ ಕೂಡಲೇ 2023ರಲ್ಲಿ ಬಂದ ಇಂಪ್ಯಾಕ್ಟ್ ಪ್ಲೇಯರ್ ನೆನಪಾಗುತ್ತದೆ. ನಾನೂ ಆ ಬಾಲವನ್ನೇ ಹಿಡಿದು ದಾರಿ ತಪ್ಪಿದೆ. ಇಂಪ್ಯಾಕ್ಟ್ ಪ್ಲೇಯರ್ ಒಳಗೆ ಬಂದರೆ ಇನ್ನೊಬ್ಬ ಹೊರಗೆ ಹೋಗಲೇಬೇಕು, ಅವನ ಪಾಲಿಗೆ ಪಂದ್ಯ ಮುಗಿಯಿತು. ಡಿಎಚ್ ಇದ್ದರೆ ಯಾರೂ ಹೊರಗೆ ಹೋಗುವುದಿಲ್ಲ. ಪಿಚರ್ ಚೆಂಡು ಎಸೆಯುತ್ತಲೇ ಇರುತ್ತಾನೆ, ಡಿಎಚ್ ಬ್ಯಾಟ್ ಬೀಸುತ್ತಲೇ ಇರುತ್ತಾನೆ. ಮೈದಾನದಲ್ಲಿ ಒಂಬತ್ತು ಮಂದಿ, ಬ್ಯಾಟಿಂಗ್ ಪಟ್ಟಿಯಲ್ಲಿ ಒಂಬತ್ತು ಮಂದಿ, ಎರಡೂ ಕಡೆ ಇರುವವರು ಎಂಟೇ ಮಂದಿ. ಒಟ್ಟು ಹತ್ತು. ಇಂಪ್ಯಾಕ್ಟ್ ಪ್ಲೇಯರ್‌ಗೆ ನಿಜವಾಗಿ ಹತ್ತಿರದ ನೆಂಟ ಪಿಂಚ್ ಹಿಟರ್: ಅವನು ಯಾರ ಬದಲು ಬ್ಯಾಟ್ ಮಾಡುತ್ತಾನೋ ಆ ಆಟಗಾರ ಅಂದಿನ ಪಂದ್ಯಕ್ಕೆ ಮರಳುವಂತಿಲ್ಲ.

ಎರಡನೆಯ ತಪ್ಪೂ ಕ್ರಿಕೆಟ್‌ನಿಂದಲೇ ಬಂದದ್ದು. ‘ಬ್ಯಾಟಿಂಗ್ ಬಾರದಿದ್ದರೆ ಕೊನೆಗೆ ಕಳುಹಿಸಿದರಾಯಿತು’ ಎಂದುಕೊಂಡಿದ್ದೆ. ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು, ಗಳಿಸಿದ ರನ್ 167 ಮಾತ್ರ. ಹನ್ನೊಂದನೆಯ ಸ್ಥಾನದಲ್ಲಿ ಅವರನ್ನು ಬಚ್ಚಿಡಬಹುದಿತ್ತು. ಎಷ್ಟೋ ಸಲ ಅವರ ಸರದಿ ಬರುವಷ್ಟರಲ್ಲಿ ಆಗಬೇಕಾದದ್ದು ಆಗಿರುತ್ತಿತ್ತು. ಬೇಸ್‌ಬಾಲ್‌ನಲ್ಲಿ ಬಚ್ಚಿಡಲು ಕೊನೆ ಎಂಬುದೇ ಇಲ್ಲ. ಒಂಬತ್ತನೆಯವನ ನಂತರ ಮತ್ತೆ ಮೊದಲನೆಯವನು, ಸರದಿ ಗಾಣದ ಎತ್ತಿನಂತೆ ಸುತ್ತುತ್ತದೆ. ಡಿಎಚ್ ಇಲ್ಲದಿದ್ದರೆ, ಪಿಚರ್‌ಗೆ ಬ್ಯಾಟಿಂಗ್ ಬಾರದಿದ್ದರೂ ಅವನು ಪಂದ್ಯವೊಂದರಲ್ಲಿ ಎರಡು ಮೂರು ಸಲ ಬಂದು ನಿಲ್ಲಲೇಬೇಕು. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನ ಪಿಚರ್‌ಗಳು ಬ್ಯಾಟ್ ಹಿಡಿದ ಕೊನೆಯ ವರ್ಷ 2021. ಆಗ ಅವರ ಸರಾಸರಿ .110, ಎಂದರೆ ನೂರು ಅವಕಾಶಗಳಲ್ಲಿ 11 ಹಿಟ್. ಎಲ್ಲ ಬ್ಯಾಟರ್‌ಗಳನ್ನೂ ಸೇರಿಸಿದ ಸರಾಸರಿ ಅದೇ ವರ್ಷ .244.

ಡಬಲ್ ಸ್ವಿಚ್: ನನಗೆ ಒಂದು ಭಾನುವಾರ ಹಿಡಿದದ್ದು

ಡಿಎಚ್ ಬೇಡ ಎಂದವರು ಮತ್ತೆ ಮತ್ತೆ ‘ತಂತ್ರಗಾರಿಕೆ ಸತ್ತುಹೋಗುತ್ತದೆ’ ಎನ್ನುತ್ತಿದ್ದರು. ಯಾವ ತಂತ್ರ ಎಂದು ಹುಡುಕಿದಾಗ ಸಿಕ್ಕಿದ್ದು ಡಬಲ್ ಸ್ವಿಚ್. ಅರ್ಥವಾಗಲು ಒಂದು ಹೋಲಿಕೆ ಮಾಡಿಕೊಂಡೆ. ಊಟದ ಪಂಕ್ತಿಯಲ್ಲಿ ಒಂಬತ್ತು ಎಲೆ ಹಾಕಿದೆ, ಬಡಿಸುವವರು ಸಾಲಾಗಿ ಬರುತ್ತಾರೆ. ಎಲೆಗಳನ್ನು ಅತ್ತಿತ್ತ ಮಾಡುವಂತಿಲ್ಲ. ಒಬ್ಬ ಎದ್ದರೆ ಹೊಸಬ ಅದೇ ಎಲೆಯ ಮುಂದೆ ಕೂರಬೇಕು. (ಎಂಜಲಿನ ಮಾತು ಬೇಡ, ಹೋಲಿಕೆ ಅಷ್ಟೇ.) ಆದರೆ ಇಬ್ಬರು ಒಟ್ಟಿಗೆ ಎದ್ದರೆ, ಬಂದ ಇಬ್ಬರಲ್ಲಿ ಯಾರನ್ನು ಯಾವ ಎಲೆಗೆ ಕೂರಿಸಬೇಕೆಂಬುದು ಮನೆಯ ಯಜಮಾನನ ಇಷ್ಟ. ಗುಟ್ಟೆಲ್ಲ ಈ ಕೊನೆಯ ವಾಕ್ಯದಲ್ಲಿದೆ. ನಾನು ಮೂರು ಸಲ ಓದಿಯೂ ಇದನ್ನು ದಾಟಿಕೊಂಡು ಹೋಗಿದ್ದೆ.

ಈಗ ಪಂದ್ಯಕ್ಕೆ ಬರೋಣ, ಡಿಎಚ್ ಇಲ್ಲದ ಪಂದ್ಯ. ನಮ್ಮದು ಆತಿಥೇಯ ತಂಡ, ಪಿಚರ್ 9ನೆಯ ಸರದಿಯಲ್ಲಿದ್ದಾನೆ. ಆರನೆಯ ಇನ್ನಿಂಗ್ಸ್‌ನಲ್ಲಿ ನಮ್ಮ ಕೊನೆಯ ಔಟ್ 8ನೆಯ ಸರದಿಯ ಲೆಫ್ಟ್ ಫೀಲ್ಡರ್‌ನದು. ಏಳನೆಯ ಇನ್ನಿಂಗ್ಸ್‌ನ ಮೊದಲರ್ಧದಲ್ಲಿ ನಾವು ಫೀಲ್ಡಿಂಗ್‌ಗೆ ಇಳಿಯಬೇಕು. ಪಿಚರ್‌ನ ತೋಳು ದಣಿದಿದೆ, ಬದಲಿಸಲೇಬೇಕು.

ಅವನೊಬ್ಬನನ್ನೇ ಬದಲಿಸಿದರೆ ಹೊಸ ಪಿಚರ್ 9ನೆಯ ಸರದಿಗೆ ಬರುತ್ತಾನೆ. ನಾವು ಬ್ಯಾಟಿಂಗ್‌ಗೆ ಹೋದ ಕೂಡಲೇ ಮೊದಲು ನಿಲ್ಲಬೇಕಾದವನು ಅವನೇ! ಒಂದೋ ಅವನ ಕೈಗೆ ಬ್ಯಾಟ್ ಕೊಟ್ಟು ಒಂದು ಔಟ್ ದಾನ ಮಾಡಬೇಕು, ಇಲ್ಲವೇ ಪಿಂಚ್ ಹಿಟರ್‌ನನ್ನು ಕಳುಹಿಸಿ ಒಂದೇ ಇನ್ನಿಂಗ್ಸ್ ಎಸೆದ ಒಳ್ಳೆಯ ಪಿಚರ್‌ನನ್ನು ಕಳೆದುಕೊಳ್ಳಬೇಕು.

ಆದ್ದರಿಂದ ಮ್ಯಾನೇಜರ್ ಇಬ್ಬರನ್ನು ಒಟ್ಟಿಗೆ ಎಬ್ಬಿಸುತ್ತಾನೆ. ಪಿಚರ್‌ನ ಜೊತೆ ಈಗ ತಾನೇ ಔಟಾದ ಲೆಫ್ಟ್ ಫೀಲ್ಡರ್ ಕೂಡ ಹೊರಗೆ. ಖಾಲಿಯಾದ ಎಲೆಗಳು 8 ಮತ್ತು 9. ಹೊಸ ಪಿಚರ್‌ನನ್ನು 8ಕ್ಕೆ, ಹೊಸ ಲೆಫ್ಟ್ ಫೀಲ್ಡರ್‌ನನ್ನು 9ಕ್ಕೆ ಕೂರಿಸುತ್ತಾನೆ. ಮುಂದೆ ಮೊದಲು ಬ್ಯಾಟ್ ಮಾಡುವವನು ಹೊಸ ಫೀಲ್ಡರ್. ಪಿಚರ್‌ನ ಸರದಿ ಬರುವಷ್ಟರಲ್ಲಿ ಎಂಟು ಜನ ಆಡಿರಬೇಕು, ಪಂದ್ಯ ಅಷ್ಟರಲ್ಲಿ ಬಹುತೇಕ ಮುಗಿದಿರುತ್ತದೆ. ಬೆಲೆಯೂ ಇದೆ: ಚೆನ್ನಾಗಿದ್ದ ಹಳೆಯ ಲೆಫ್ಟ್ ಫೀಲ್ಡರ್ ಇನ್ನು ಬೆಂಚಿಗೆ. ಪಂದ್ಯ ಹೆಚ್ಚುವರಿ ಇನ್ನಿಂಗ್ಸ್‌ಗೆ ಹೋದರೆ ಅವನಿಗಾಗಿ ಮ್ಯಾನೇಜರ್ ಕೈಕೈ ಹಿಸುಕಿಕೊಳ್ಳಬೇಕಾದೀತು.

ಇದೇ ಸನ್ನಿವೇಶವನ್ನು ಡಿಎಚ್ ಇಟ್ಟು ಬರೆದು ನೋಡಿದೆ. ಪಿಚರ್ ಪಟ್ಟಿಯಲ್ಲೇ ಇಲ್ಲ. ದಣಿದರೆ ಬದಲಿಸಿದರಾಯಿತು, ಎಲೆಗಳು ಅಲ್ಲಾಡುವುದಿಲ್ಲ. ಇಷ್ಟು ಚೆಂದದ ಒಗಟು ಒಂದೇ ಗೆರೆಯಲ್ಲಿ ಮಾಯ. ಜಗಳ ಏಕೆ ಎಂದು ನನಗೆ ಹೊಳೆದದ್ದು ಆಗಲೇ.

ಇತಿಹಾಸ, ಬೇಗಬೇಗ

ಫಿಲಡೆಲ್ಫಿಯಾದ ಮ್ಯಾನೇಜರ್ ಕಾನಿ ಮ್ಯಾಕ್ 1906ರಲ್ಲೇ ಈ ಸಲಹೆ ಕೊಟ್ಟಿದ್ದರು. ಮೇಜರ್ ಲೀಗ್‌ನಲ್ಲಿ ಎರಡು ಬಣ, ನ್ಯಾಷನಲ್ ಲೀಗ್ ಮತ್ತು ಅಮೆರಿಕನ್ ಲೀಗ್. 1928ರಲ್ಲಿ ನ್ಯಾಷನಲ್ ಲೀಗ್‌ನ ಅಧ್ಯಕ್ಷ ಜಾನ್ ಹೈಡ್ಲರ್ ಹತ್ತು ಜನರ ತಂಡದ ಪ್ರಸ್ತಾಪ ಮುಂದಿಟ್ಟಾಗ ಬೇಡವೆಂದದ್ದು ಅಮೆರಿಕನ್ ಲೀಗ್. ಮುಂದೆ ಇಬ್ಬರೂ ಪಾತ್ರ ಬದಲಿಸಿಕೊಂಡದ್ದು ತಮಾಷೆ. 1968ರಲ್ಲಿ ಪಿಚರ್‌ಗಳ ಅಬ್ಬರ ಎಷ್ಟಿತ್ತೆಂದರೆ ಅಮೆರಿಕನ್ ಲೀಗ್‌ನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿಯೇ .301. ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು. ಅಷ್ಟು ಸಾಲದೆ, 1973ರ ಜನವರಿಯಲ್ಲಿ ಅಮೆರಿಕನ್ ಲೀಗ್‌ನ ಮಾಲೀಕರು 8–4 ಮತಗಳಿಂದ ಡಿಎಚ್ ಒಪ್ಪಿದರು, ಮೊದಲು ಮೂರು ವರ್ಷದ ಪ್ರಯೋಗವಾಗಿ. ಏಪ್ರಿಲ್ 6ರಂದು ಬಾಸ್ಟನ್‌ನಲ್ಲಿ ನ್ಯೂಯಾರ್ಕ್‌ನ ಯಾಂಕೀಸ್ ತಂಡದ ರಾನ್ ಬ್ಲೂಮ್‌ಬರ್ಗ್ ಮೊದಲ ಡಿಎಚ್ ಆದರು. ಮೂರೂ ಬೇಸ್ ತುಂಬಿದ್ದಾಗ ಬಂದು, ಬ್ಯಾಟ್‌ಗೆ ಚೆಂಡು ತಾಗಿಸದೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಮೊದಲ ಬೇಸ್) ಪಡೆದೇ ಒಂದು ರನ್ ತಂದುಕೊಟ್ಟರು. ಆ ಬ್ಯಾಟ್ ಈಗ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ವಸ್ತುಸಂಗ್ರಹಾಲಯದಲ್ಲಿದೆ.

ನ್ಯಾಷನಲ್ ಲೀಗ್ ಒಪ್ಪಲಿಲ್ಲ. ಒಂದೇ ಆಟ, ಎರಡು ನಿಯಮ. ಎರಡು ಲೀಗ್‌ಗಳ ವಿಜೇತರು ಸೆಣಸುವ ವರ್ಲ್ಡ್ ಸೀರೀಸ್‌ನಲ್ಲಿ 1976ರಿಂದ ಒಂದು ವರ್ಷ ಬಿಟ್ಟು ಒಂದು ವರ್ಷ ಡಿಎಚ್. 1986ರಿಂದ ಯಾರ ಮೈದಾನವೋ ಅವರ ನಿಯಮ. 2020ರಲ್ಲಿ ಕೋವಿಡ್‌ನಿಂದ 60 ಪಂದ್ಯಗಳಿಗೆ ಇಳಿದ ಋತುವಿನಲ್ಲಿ ಎರಡೂ ಕಡೆ ಡಿಎಚ್, 2021ರಲ್ಲಿ ಮತ್ತೆ ಹಳೆಯ ಪಾಡು, 2022ರಿಂದ ಎಲ್ಲೆಡೆ ಕಾಯಂ.

ವಾದ, ಪ್ರತಿವಾದ, ನನ್ನ ವಾಲಿಕೆ

ಡಿಎಚ್ ಬೇಕು ಎಂದವರ ಗಾಯದ ವಾದ ಗಟ್ಟಿಯಾದದ್ದು. 2008ರ ಜೂನ್‌ನಲ್ಲಿ ಹ್ಯೂಸ್ಟನ್ ತಂಡ ಆಗಿನ್ನೂ ನ್ಯಾಷನಲ್ ಲೀಗ್‌ನಲ್ಲಿತ್ತು. ಅಲ್ಲಿಗೆ ಹೋದ ಯಾಂಕೀಸ್‌ನ ಪಿಚರ್ ಚಿಯೆನ್-ಮಿಂಗ್ ವಾಂಗ್ ಆ ಲೀಗ್‌ನ ನಿಯಮದಂತೆ ಬ್ಯಾಟ್ ಹಿಡಿದು, ಬೇಸ್ ಓಡುವಾಗ ಪಾದಕ್ಕೆ ಪೆಟ್ಟು ಮಾಡಿಕೊಂಡರು. ಆ ಋತು ಅವರಿಗೆ ಅಲ್ಲಿಗೇ ಮುಗಿಯಿತು. ಇನ್ನೊಂದು ಕಡೆಯವರ ನೈತಿಕ ವಾದವನ್ನೂ ತಳ್ಳಿಹಾಕಲಾಗದು: ಎದುರಾಳಿಯ ಮೈಗೆ ಚೆಂಡು ಎಸೆದವನು ತಾನೂ ಬ್ಯಾಟ್ ಹಿಡಿದು ಎದುರು ನಿಲ್ಲಬೇಕಾದರೆ ಎಚ್ಚರ ತಾನಾಗಿ ಬರುತ್ತದೆ. ಮೈದಾನಕ್ಕೆ ಇಳಿಯದವನು ಅರ್ಧ ಆಟಗಾರ ಎಂಬ ಗೊಣಗು ಮಾತ್ರ ಸೋತಿತು. ಹೆಚ್ಚಾಗಿ ಡಿಎಚ್ ಆಗಿಯೇ ಆಡಿದ ಎಡ್ಗರ್ ಮಾರ್ಟಿನೆಜ್ 2019ರಲ್ಲಿ, ಡೇವಿಡ್ ಓರ್ಟಿಜ್ 2022ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು.

ಡಬಲ್ ಸ್ವಿಚ್ ಮೇಲೆ ನನಗೆ ಮೋಹವಿದೆ. ಆದರೂ ಹಳೆಯ ಪಂದ್ಯಗಳನ್ನು ನೋಡಿದರೆ, ಅಂಥ ಒಗಟು ಅಪರೂಪ. ಬೇಸ್‌ನಲ್ಲಿ ಓಟಗಾರನಿದ್ದಾಗ ಪಿಚರ್ ಬಂದರೆ ಚೆಂಡನ್ನು ಮೆಲ್ಲಗೆ ತಟ್ಟಿ, ಓಟಗಾರನನ್ನು ಮುಂದಿನ ಬೇಸ್‌ಗೆ ಕಳುಹಿಸಿ ತಾನು ಔಟಾಗುತ್ತಾನೆ ಎಂದು ಕಡಲೆಕಾಯಿ ಮಾರುವವನಿಗೂ ಗೊತ್ತಿರುತ್ತಿತ್ತು. ಅದನ್ನು ತಂತ್ರ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಳೆದುಕೊಂಡದ್ದು ಬೇರೆಯದು. 2016ರ ಮೇ 7ರಂದು ಸ್ಯಾನ್ ಡಿಯಾಗೋದಲ್ಲಿ ಮೆಟ್ಸ್ ತಂಡದ ಪಿಚರ್ ಬಾರ್ಟೋಲೊ ಕೊಲೋನ್ 42ನೆಯ ವಯಸ್ಸಿನಲ್ಲಿ ತಮ್ಮ ಮೊದಲ ಹೋಮ್ ರನ್ ಹೊಡೆದರು. 1974ರ ವರ್ಲ್ಡ್ ಸೀರೀಸ್‌ನಲ್ಲಂತೂ, ಡಿಎಚ್ ಬೇಕೆಂದು ದೊಡ್ಡ ದನಿಯಲ್ಲಿ ಕೂಗಿದ ಚಾರ್ಲಿ ಫಿನ್ಲಿ ಅವರದೇ ಓಕ್ಲಂಡ್ ತಂಡದ ಪಿಚರ್ ಕೆನ್ ಹೋಲ್ಟ್ಸ್‌ಮನ್ ಹೋಮ್ ರನ್ ಹೊಡೆದರು!

ಡಿಎಚ್ ಕಳೆದುಹೋಗುವುದು

ಇದನ್ನು ಪುಸ್ತಕದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಪಂದ್ಯದ ನಡುವೆ ಡಿಎಚ್ ಫೀಲ್ಡಿಂಗ್‌ಗೆ ಇಳಿದರೆ ತಂಡ ಆ ಸೌಲಭ್ಯ ಕಳೆದುಕೊಳ್ಳುತ್ತದೆ, ಪಿಚರ್ ಪಟ್ಟಿಗೆ ಬರಲೇಬೇಕು. ಹೊರಹೋದ ಫೀಲ್ಡರ್‌ನ ಸರದಿ ಅವನಿಗೆ.

2022ರಲ್ಲಿ ಸೇರಿದ ತಿದ್ದುಪಡಿಯನ್ನು ಎಲ್ಲರೂ, ಪಿಚಿಂಗ್ ಬ್ಯಾಟಿಂಗ್ ಎರಡನ್ನೂ ಮಾಡುವ ಜಪಾನಿನ ಶೋಹೇ ಓಟಾನಿಯ ಹೆಸರಿನಿಂದ, ಓಟಾನಿ ನಿಯಮ ಎಂದೇ ಕರೆಯುತ್ತಾರೆ. ಪಂದ್ಯ ಆರಂಭಿಸುವ ಪಿಚರ್ ತಾನೇ ಡಿಎಚ್ ಕೂಡ ಆಗಬಹುದು. ಪಟ್ಟಿಯಲ್ಲಿ ಅವನನ್ನು ಇಬ್ಬರೆಂದು ಎಣಿಸುತ್ತಾರೆ. ಪಿಚರ್ ಆಗಿ ನಿಲ್ಲಿಸಿದ ಮೇಲೂ ಡಿಎಚ್ ಆಗಿ ಬ್ಯಾಟ್ ಮಾಡುತ್ತಲೇ ಇರಬಹುದು. ಪಿಚರ್‌ಗಳಿಗೆ ಬ್ಯಾಟಿಂಗ್ ಬಾರದು ಎಂದು ಹುಟ್ಟಿದ ನಿಯಮವನ್ನು, ಎಲ್ಲರಿಗಿಂತ ಚೆನ್ನಾಗಿ ಬ್ಯಾಟ್ ಮಾಡುವ ಪಿಚರ್ ಒಬ್ಬನಿಗಾಗಿ ತಿದ್ದಬೇಕಾಯಿತು. ಓಟಾನಿಯ ದೇಶದಲ್ಲೂ ಇದೇ ಕಥೆ: ಜಪಾನಿನ ಪೆಸಿಫಿಕ್ ಲೀಗ್ 1975ರಲ್ಲೇ ಡಿಎಚ್ ತಂದಿತು, ಸೆಂಟ್ರಲ್ ಲೀಗ್ 2027ರಿಂದ ತರುವುದಾಗಿ 2025ರಲ್ಲಿ ಘೋಷಿಸಿತು.

ಕೊನೆಗೆ ಒಂದು ಲೆಕ್ಕ, ಮೊದಲ ಸಲ ನಾನೂ ತಪ್ಪಿದ್ದು. ಡಿಎಚ್ 4ನೆಯ ಸರದಿ, ಕ್ಯಾಚರ್ 6ನೆಯ ಸರದಿ. ಎಂಟನೆಯ ಇನ್ನಿಂಗ್ಸ್‌ನಲ್ಲಿ ಕ್ಯಾಚರ್ ಗಾಯಗೊಂಡು ಹೊರಹೋದ, ಡಿಎಚ್ ಕೈಗವಸು ತೊಟ್ಟು ಅವನ ಜಾಗಕ್ಕೆ ಕುಳಿತ. ಬೇರೆ ಬದಲಾವಣೆ ಇಲ್ಲ. ಪಿಚರ್‌ನ ಸರದಿ ಯಾವುದು? ನಾನು 4 ಎಂದು ಬರೆದಿದ್ದೆ. ಡಿಎಚ್ ತನ್ನ ಎಲೆ ಬಿಟ್ಟು ಎದ್ದಿಲ್ಲ, ಖಾಲಿಯಾದದ್ದು 6.