ಮೆಗಾಪಿಕ್ಸೆಲ್ ಪಕ್ಕಕ್ಕಿಟ್ಟು ಬೆಳಕಿನ ಲೆಕ್ಕ: ಡಿಜಿಟಲ್ ಕ್ಯಾಮೆರಾ ಟಿಪ್ಪಣಿ

ಕ್ಯಾಮೆರಾ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಮೆಗಾಪಿಕ್ಸೆಲ್ ಮತ್ತು ಝೂಮ್. ಆಯ್ಕೆಗೆ ಅತಿ ಕಡಿಮೆ ನೆರವಾಗುವ ಸಂಖ್ಯೆಗಳೂ ಇವೇ. ನೆರವಾಗುವ ಎರಡು ಸಂಖ್ಯೆಗಳು, ಅಂದರೆ ಸೆನ್ಸರ್‌ನ ಅಳತೆ ಮತ್ತು ಲೆನ್ಸ್ ಎಷ್ಟು ಅಗಲ ತೆರೆದುಕೊಳ್ಳುತ್ತದೆ ಎಂಬುದು, ವಿವರಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ ಅಡಗಿರುತ್ತವೆ. ಒಂದು ಫೋಟೊಗೆ ಒಟ್ಟು ಎಷ್ಟು ಬೆಳಕು ದಕ್ಕಿತು ಎಂಬುದನ್ನು ತೀರ್ಮಾನಿಸುವುದು ಇವೆರಡು ಮತ್ತು ಶಟರ್ ತೆರೆದಿರುವ ಹೊತ್ತು. ಮುಂದಿನದೆಲ್ಲ ಆ ಲೆಕ್ಕವೇ.

ಸೆನ್ಸರ್ ಒಳಗೆ

ಲೆನ್ಸ್ ದಾಟಿದ ಬೆಳಕು ಮೊದಲು ಇನ್‌ಫ್ರಾರೆಡ್ ತಡೆಯುವ ಗಾಜನ್ನು, ಆಮೇಲೆ ಪ್ರತಿ ಪಿಕ್ಸೆಲ್ ಮೇಲಿರುವ ಪುಟಾಣಿ ಬಣ್ಣದ ಫಿಲ್ಟರನ್ನು ಹಾಯ್ದು ಸಿಲಿಕಾನ್ ಮೇಲೆ ಬೀಳುತ್ತದೆ. ಫೋಟಾನ್ ಬಿದ್ದಲ್ಲಿ ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಶಟರ್ ಮುಚ್ಚುವವರೆಗೆ ಅವು ಪಿಕ್ಸೆಲ್‌ನಲ್ಲಿ ಕೂಡಿಕೊಳ್ಳುತ್ತವೆ. ಬಳಿಕ ಆ ಮೊತ್ತವನ್ನು ವೋಲ್ಟೇಜ್ ಆಗಿ ಓದಿ, ವರ್ಧಿಸಿ, ಸಂಖ್ಯೆಯಾಗಿ ಬರೆದುಕೊಳ್ಳಲಾಗುತ್ತದೆ. 14 ಬಿಟ್ ಕ್ಯಾಮೆರಾದಲ್ಲಿ ಆ ಸಂಖ್ಯೆ 0ಯಿಂದ 16,383ರವರೆಗೆ. ಪಿಕ್ಸೆಲ್‌ಗೆ ತಿಳಿಯುವುದು ಎಷ್ಟು ಬೆಳಕು ಬಿತ್ತು ಎಂಬುದಷ್ಟೇ, ಯಾವ ಬಣ್ಣದ್ದು ಎಂಬುದಲ್ಲ.

ಬಣ್ಣ ಸಿಗುವುದು ಫಿಲ್ಟರ್‌ಗಳ ಜೋಡಣೆಯಿಂದ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕಿದ ವಿನ್ಯಾಸವೇ ಇಂದಿಗೂ ಬಹುಪಾಲು ಕ್ಯಾಮೆರಾಗಳಲ್ಲಿದೆ: ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹೊಳಪಿನ ಸೂಕ್ಷ್ಮ ವಿವರವನ್ನು ನಮ್ಮ ಕಣ್ಣು ಹಸಿರಿನ ಆಸುಪಾಸಿನಲ್ಲೇ ಹೆಚ್ಚು ಗ್ರಹಿಸುವುದರಿಂದ ಹಸಿರಿಗೆ ದುಪ್ಪಟ್ಟು ಪಾಲು. ಹಾಗಾಗಿ 24 ಮೆಗಾಪಿಕ್ಸೆಲ್ ಎಂದರೆ 1.2 ಕೋಟಿ ಹಸಿರು, 60 ಲಕ್ಷ ಕೆಂಪು, 60 ಲಕ್ಷ ನೀಲಿ. ಪ್ರತಿ ಪಿಕ್ಸೆಲ್‌ಗೆ ಇಲ್ಲದ ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದವನ್ನು ನೋಡಿ ಅಂದಾಜು ಮಾಡಲಾಗುತ್ತದೆ. ನಾವು ನೋಡುವ ಫೋಟೊದ ಮೂರನೇ ಎರಡು ಪಾಲು ಬಣ್ಣ ಲೆಕ್ಕ ಹಾಕಿದ್ದೇ ಹೊರತು ಅಳೆದದ್ದಲ್ಲ! ಈ ಅಂದಾಜು ಎಲ್ಲಿ ಎಡವುತ್ತದೆ ಎಂದು ನೋಡಬೇಕಿದ್ದರೆ ದಟ್ಟ ಗೆರೆಗಳಿರುವ ಅಂಗಿಯೊಂದರ ಫೋಟೊ ತೆಗೆಯಿರಿ. ಗೆರೆಗಳ ಅಂತರ ಪಿಕ್ಸೆಲ್‌ಗಳ ಅಂತರಕ್ಕೆ ಹತ್ತಿರವಾದಾಗ ಬಟ್ಟೆಯಲ್ಲಿಲ್ಲದ ಬಣ್ಣದ ಅಲೆಗಳು ಏಳುತ್ತವೆ. ಇದನ್ನು ಮೊಯರೆ ಎನ್ನುತ್ತಾರೆ. ಒಂದು ಹೆಜ್ಜೆ ಹಿಂದೆಯೋ ಮುಂದೆಯೋ ಸರಿದರೆ ಸಾಮಾನ್ಯವಾಗಿ ಮಾಯವಾಗುತ್ತದೆ.

ಇನ್ನು ನಾಯ್ಸ್, ಅಂದರೆ ಕತ್ತಲಿನ ಫೋಟೊಗಳಲ್ಲಿ ಕಾಣುವ ರವೆಯಂಥ ಕಾಳುಕಾಳು. ಇದಕ್ಕೆ ಸೆನ್ಸರ್ ಕಳಪೆಯಾಗಿರಬೇಕೆಂದೇನೂ ಇಲ್ಲ. ಬೆಳಕಿನ ಸ್ವಭಾವವೇ ಹಾಗೆ. ಫೋಟಾನ್‌ಗಳು ಒಂದೇ ಸಮನೆ ಬರುವುದಿಲ್ಲ. ಸರಾಸರಿ 10,000 ಫೋಟಾನ್ ಬೀಳಬೇಕಾದ ಕಡೆ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ 100; ಶೇ. 1 ಮಾತ್ರ, ಕಣ್ಣಿಗೆ ಬೀಳದು. ಬರೀ 100 ಫೋಟಾನ್ ಬಿದ್ದರೆ ಏರಿಳಿತ 10, ಅಂದರೆ ಶೇ. 10. ನೆರಳಿನ ಭಾಗದಲ್ಲಿ ಕಾಳುಗಳು ಮೊದಲು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಇಲ್ಲಿಂದ ಒಂದು ಹಳೆಯ ತಪ್ಪು ಕಲ್ಪನೆ ಕಳಚಿಬೀಳುತ್ತದೆ. ಐಎಸ್‌ಒ ಎಂಬ ಸೆಟ್ಟಿಂಗ್ ಏರಿಸಿದರೆ ನಾಯ್ಸ್ ಬರುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಐಎಸ್‌ಒ ಸೆನ್ಸರ್‌ಗೆ ಹೆಚ್ಚು ಬೆಳಕು ತರುವುದಿಲ್ಲ, ಇದ್ದ ಬೆಳಕನ್ನು ಕಡಿಮೆ ಮಾಡುವುದೂ ಇಲ್ಲ; ಸಿಕ್ಕಿದ್ದನ್ನು ವರ್ಧಿಸಿ ತೋರಿಸುತ್ತದೆ ಅಷ್ಟೆ. ನಾಯ್ಸ್ ಬಂದದ್ದು ಬೆಳಕು ಸಾಲದೆ. ಆದ್ದರಿಂದ ಐಎಸ್‌ಒಗೆ ಹೆದರಿ ಫೋಟೊವನ್ನು ಕಪ್ಪಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸುವುದರಿಂದ ಲಾಭವಿಲ್ಲ. ಎಷ್ಟೋ ಕ್ಯಾಮೆರಾಗಳಲ್ಲಿ ಹಾಗೆ ಬೆಳಗಿಸಿದ ನೆರಳು ಇನ್ನೂ ಹಾಳಾಗಿ ಕಾಣುತ್ತದೆ.

ಅಳತೆಗಳು

ಫುಲ್ ಫ್ರೇಮ್ ಸೆನ್ಸರ್ 36 × 24 ಮಿ.ಮೀ. ಎಪಿಎಸ್-ಸಿ ಸುಮಾರು 23.5 × 15.6 (ಕ್ಯಾನನ್‌ನಲ್ಲಿ ತುಸು ಚಿಕ್ಕದು, 22.3 × 14.9). ಮೈಕ್ರೋ ಫೋರ್ ಥರ್ಡ್ಸ್ 17.3 × 13. 'ಒಂದು ಇಂಚು' ಎಂದು ಕರೆಯುವ ಸೆನ್ಸರ್‌ನ ಯಾವ ಬದಿಯೂ ಒಂದು ಇಂಚಿಲ್ಲ, ಅದು 13.2 × 8.8 ಮಿ.ಮೀ.; ಹಳೆಯ ವಿಡಿಯೊ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ಅಳತೆಯಿಂದ ಉಳಿದುಬಂದ ಹೆಸರು. ಅಗ್ಗದ ಕಾಂಪ್ಯಾಕ್ಟ್ ಮತ್ತು ಭಾರೀ ಝೂಮ್ ಕ್ಯಾಮೆರಾಗಳಲ್ಲಿರುವ 1/2.3 ಇಂಚಿನದು 6.2 × 4.6 ಮಿ.ಮೀ. ಮಾತ್ರ.

ವಿಸ್ತೀರ್ಣ ಲೆಕ್ಕ ಹಾಕಿ: ಫುಲ್ ಫ್ರೇಮ್ 864 ಚದರ ಮಿ.ಮೀ., 1/2.3 ಇಂಚು ಸುಮಾರು 28. ಅಪರ್ಚರ್ (ಲೆನ್ಸಿನ ತೆರಪು), ಶಟರ್ ಎರಡೂ ಒಂದೇ ಇದ್ದರೆ ದೊಡ್ಡದಕ್ಕೆ ಮೂವತ್ತು ಪಟ್ಟು ಬೆಳಕು. ಉತ್ತಮ ಫೋನುಗಳ ಮುಖ್ಯ ಕ್ಯಾಮೆರಾದ ಸೆನ್ಸರ್ ಈಗ 1/2.3 ಇಂಚಿಗಿಂತ ದೊಡ್ಡದಿರುತ್ತದೆ. ಸಾಲದ್ದಕ್ಕೆ ಫೋನು ಹಲವು ಫ್ರೇಮ್‌ಗಳನ್ನು ಕೂಡಿಸಿ ಒಂದು ಮಾಡುತ್ತದೆ. ದೂರದ ಹಕ್ಕಿಗೆ ಆಪ್ಟಿಕಲ್ ಝೂಮ್ ಬೇಕೇಬೇಕು ಎಂದಲ್ಲದೆ ಅಂಥ ಪುಟ್ಟ ಸೆನ್ಸರ್‌ನ ಕ್ಯಾಮೆರಾ ಕೊಳ್ಳಲು ಕಾರಣ ಕಾಣುವುದಿಲ್ಲ.

ಮೆಗಾಪಿಕ್ಸೆಲ್ ವಿಷಯ ಎರಡು ಮಾತಲ್ಲಿ ಮುಗಿಯುತ್ತದೆ. 4ಕೆ ಪರದೆಗೆ ಬೇಕಾದದ್ದು 8.3 ಮೆಗಾಪಿಕ್ಸೆಲ್, 12 × 8 ಇಂಚಿನ ಪ್ರಿಂಟನ್ನು ಇಂಚಿಗೆ 300 ಚುಕ್ಕೆಯಂತೆ ತೆಗೆಯಲು 8.6. ವಿವರ ದುಪ್ಪಟ್ಟಾಗಬೇಕಿದ್ದರೆ ಉದ್ದ, ಅಗಲ ಎರಡೂ ದುಪ್ಪಟ್ಟಾಗಬೇಕು, ಅಂದರೆ 24ರಿಂದ 96ಕ್ಕೆ ಹೋಗಬೇಕು. ದೊಡ್ಡ ಗೋಡೆಚಿತ್ರ ಮುದ್ರಿಸುವವರು, ಹಕ್ಕಿಯ ಫೋಟೊ ಕತ್ತರಿಸಿ ಬಳಸುವವರನ್ನು ಬಿಟ್ಟರೆ ಉಳಿದವರಿಗೆ 20-24 ಧಾರಾಳ.

ಅಪರ್ಚರ್, ಶಟರ್: ಒಂದು ಉದಾಹರಣೆ

ಎಫ್ ಸಂಖ್ಯೆ ಒಂದು ಭಾಗಾಕಾರ: ಫೋಕಲ್ ಲೆಂತ್ ಅನ್ನು (ಲೆನ್ಸ್ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಸಂಖ್ಯೆ) ತೆರಪಿನ ವ್ಯಾಸದಿಂದ ಭಾಗಿಸಿದ್ದು. 50 ಮಿ.ಮೀ. ಲೆನ್ಸ್ ಎಫ್/2ರಲ್ಲಿ 25 ಮಿ.ಮೀ. ತೆರೆದಿರುತ್ತದೆ. 1.4, 2, 2.8, 4, 5.6, 8, 11, 16 ಎಂಬ ಸಾಲಿನಲ್ಲಿ ಒಂದೊಂದು ಮೆಟ್ಟಿಲು ಮೇಲೇರಿದಾಗಲೂ ಬೆಳಕು ಅರ್ಧವಾಗುತ್ತದೆ. ಇದಕ್ಕೆ ಒಂದು ಸ್ಟಾಪ್ ಎಂದು ಹೆಸರು.

ಈಗ ಒಳಾಂಗಣದ ವೇದಿಕೆಯಲ್ಲಿ ನೃತ್ಯ ನಡೆದಿದೆ ಎನ್ನಿ. ಎಪಿಎಸ್-ಸಿ ಕ್ಯಾಮೆರಾ, ಜೊತೆಗೇ ಬರುವ 18-55 ಮಿ.ಮೀ. ಲೆನ್ಸ್. 55ರಲ್ಲಿ ಅದು ತೆರೆಯುವುದು ಎಫ್/5.6ರವರೆಗೆ. ಕ್ಯಾಮೆರಾ 1/60 ಸೆಕೆಂಡ್, ಐಎಸ್‌ಒ 1600 ಆರಿಸಿತು. ಮುಖ ಸ್ಪಷ್ಟ, ಕೈಗಳು ಮಸುಕು. ಕೈಯ ಚಲನೆ ನಿಲ್ಲಿಸಲು 1/250 ಆದರೂ ಬೇಕು. ಎರಡು ಸ್ಟಾಪ್ ಬೆಳಕು ಹೋಯಿತು, ಐಎಸ್‌ಒ 6400 ಆಯಿತು, ಕಾಳುಗಳು ಎದ್ದವು. ಲೆನ್ಸ್ ಬಿಚ್ಚಿ 50 ಮಿ.ಮೀ. ಎಫ್/1.8 ಹಾಕಿ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ 9.7, ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಅದೇ 1/250ಕ್ಕೆ ಈಗ ಐಎಸ್‌ಒ 640 ಸಾಕು. ಕ್ಯಾಮೆರಾ ಬಾಡಿ ಬದಲಿಸಿ ಇಷ್ಟು ಗಳಿಸುವುದು ದುಬಾರಿ ಬಾಬತ್ತು, 50 ಮಿ.ಮೀ. ಎಫ್/1.8 ಪ್ರತಿ ಕಂಪನಿಯ ಅಗ್ಗದ ಲೆನ್ಸ್‌ಗಳಲ್ಲೊಂದು.

ಇದಕ್ಕೆ ತೆರುವ ಬೆಲೆ ಫೋಕಸ್‌ನ ಆಳ. ಇದೇ ಜೋಡಿಯಲ್ಲಿ ಐದು ಮೀಟರ್ ದೂರದಲ್ಲಿ ಸುಮಾರು 70 ಸೆಂ.ಮೀ. ಆಳ ಸ್ಪಷ್ಟವಾಗಿರುತ್ತದೆ, ವೇದಿಕೆಗೆ ತೊಂದರೆಯಿಲ್ಲ. ಒಂದೂವರೆ ಮೀಟರ್ ದೂರದ ಮುಖಕ್ಕಾದರೆ ಆರೇಳು ಸೆಂ.ಮೀ. ಮಾತ್ರ, ಮೂಗಿನ ತುದಿಗೆ ಫೋಕಸ್ ಕೂತರೆ ಕಿವಿ ಮಸುಕಾಯಿತೆಂದೇ ತಿಳಿಯಿರಿ.

ಅಪರ್ಚರ್ ತೀರಾ ಮುಚ್ಚಿದರೂ ಕೆಡುತ್ತದೆ. ಸಣ್ಣ ತೆರಪಿನಲ್ಲಿ ಬೆಳಕು ಹರಡಿ ಚುಕ್ಕೆ ತಟ್ಟೆಯಾಗುತ್ತದೆ: ಹಸಿರು ಬೆಳಕಿಗೆ ಎಫ್/8ರಲ್ಲಿ ಸುಮಾರು 11 ಮೈಕ್ರಾನ್, ಎಫ್/16ರಲ್ಲಿ 21. 24 ಮೆಗಾಪಿಕ್ಸೆಲ್ ಎಪಿಎಸ್-ಸಿಯ ಒಂದು ಪಿಕ್ಸೆಲ್ 4 ಮೈಕ್ರಾನ್ ಇರುವಾಗ ಎಫ್/22 ಹಾಕಿ 'ಎಲ್ಲವೂ ಸ್ಪಷ್ಟ' ಎಂದುಕೊಂಡರೆ ಎಲ್ಲವೂ ಸಮನಾಗಿ ಮಂಕು. ಪುಟ್ಟ ಸೆನ್ಸರ್‌ಗಳಲ್ಲಿ ಈ ಪೆಟ್ಟು ಎಫ್/4ಕ್ಕೇ ಶುರು.

ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ ಫೋಕಲ್ ಲೆಂತ್‌ನ ವಿಲೋಮಕ್ಕಿಂತ ಕಡಿಮೆಯಾಗದಿರಲಿ. ಎಪಿಎಸ್-ಸಿಯಲ್ಲಿ ಅದನ್ನು ಒಂದೂವರೆ ಪಟ್ಟು ಮಾಡಿ, 200 ಮಿ.ಮೀ.ಗೆ 1/300. ಸ್ಟೆಬಿಲೈಸೇಶನ್ ಇದ್ದರೆ ಇನ್ನೂ ನಿಧಾನಕ್ಕೆ ಇಳಿಯಬಹುದು. ಆದರೆ ಅದು ತಡೆಯುವುದು ನಿಮ್ಮ ಕೈ ನಡುಕವನ್ನು, ಓಡುವ ಮಗುವನ್ನಲ್ಲ. ಫೋಟೊದಲ್ಲಿ ಅಡ್ಡಪಟ್ಟೆ ಕಂಡರೆ ದೀಪದ ತಪ್ಪು: 50 ಹರ್ಟ್ಸ್ ವಿದ್ಯುತ್ತಿನಲ್ಲಿ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಒಂದು ಸಾಲಿಗೆ ಬೆಳಕು, ಇನ್ನೊಂದಕ್ಕೆ ಕತ್ತಲು. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ 1/100 ಅಥವಾ 1/50 ಇಡಿ.

ಕೊಳ್ಳುವಾಗ

ಮೊದಲು ತೀರ್ಮಾನಿಸಬೇಕಾದದ್ದು ಲೆನ್ಸ್ ಮೌಂಟ್, ಅಂದರೆ ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿ. ಬಾಡಿ ಹಳತಾಗುತ್ತದೆ, ಲೆನ್ಸ್‌ಗಳು ಉಳಿಯುತ್ತವೆ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಗೆ ಜಾಗ ಬೇಕಿದ್ದರಿಂದ ಮೌಂಟ್‌ನಿಂದ ಸೆನ್ಸರ್‌ಗೆ ದೂರ ಹೆಚ್ಚು: ನಿಕಾನ್ ಎಫ್‌ನಲ್ಲಿ 46.5 ಮಿ.ಮೀ., ಕ್ಯಾನನ್ ಇಎಫ್‌ನಲ್ಲಿ 44. ಕನ್ನಡಿಯಿಲ್ಲದ ಮಿರರ್‌ಲೆಸ್‌ನಲ್ಲಿ ಸೋನಿ ಇ 18, ಕ್ಯಾನನ್ ಆರ್‌ಎಫ್ 20, ನಿಕಾನ್ ಝಡ್ 16. ಉಳಿದ ಅಂತರದಲ್ಲಿ ಅಡಾಪ್ಟರ್ ಹಾಕಿ ಹಳೆಯ ಲೆನ್ಸನ್ನು ಹೊಸ ಬಾಡಿಗೆ ಕೂರಿಸಬಹುದು, ಉಲ್ಟಾ ಆಗದು. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕಲಿಯಲು ಈಗಲೂ ಒಳ್ಳೆಯ ಸೌದಾ. ಓಡುವ, ಹಾರುವ ವಸ್ತುಗಳ ಕಣ್ಣನ್ನೇ ಹಿಡಿದು ಫೋಕಸ್ ಮಾಡಬೇಕಿದ್ದರೆ ಮಾತ್ರ ಹೊಸ ಮಿರರ್‌ಲೆಸ್ ಬೇಕು.

ಮೆಮೊರಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದ ವೇಗ ಸಾಮಾನ್ಯವಾಗಿ ಓದುವ ವೇಗ. ನೋಡಬೇಕಾದದ್ದು 'ವಿ' ಗುರುತು: ವಿ30 ಎಂದರೆ ಬರೆಯುವ ವೇಗ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್. 4ಕೆ ವಿಡಿಯೊದ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್ ಅಷ್ಟೇ, ಆದ್ದರಿಂದ ಅದಕ್ಕೆ ವಿ30 ಸಾಕು.

ಕೈಗೆ ಬಂದ ಕೂಡಲೇ, ಮುಖ್ಯವಾಗಿ ಹಳೆಯದಾದರೆ, ಮೂರು ಪರೀಕ್ಷೆ ಮಾಡಿ. ಒಂದು, ಲೆನ್ಸಿಗೆ ಮುಚ್ಚಳ ಹಾಕಿ 1/60ರಲ್ಲಿ ಒಂದು, 10 ಸೆಕೆಂಡಿನದು ಒಂದು ಫೋಟೊ. ಹತ್ತು ಸೆಕೆಂಡಿನದರಲ್ಲಿ ಕೆಲವು ಹೊಳೆಯುವ ಚುಕ್ಕೆ ಸಹಜ. 1/60ರಲ್ಲೂ ಇದ್ದರೆ ಚೌಕಾಶಿಗೆ ಕಾರಣ. ಎರಡು, ಅಪರ್ಚರ್ ಪೂರ್ತಿ ತೆರೆದು ಇಟ್ಟಿಗೆ ಗೋಡೆಯನ್ನು ನೇರವಾಗಿ ನಿಂತು ತೆಗೆಯಿರಿ. ನಾಲ್ಕೂ ಮೂಲೆ ಒಂದೇ ರೀತಿ ಮೆದುವಾಗಿದ್ದರೆ ಸರಿ, ಒಂದೇ ಮೂಲೆ ಮಸುಕಾದರೆ ಒಳಗಿನ ಗಾಜು ಓರೆಯಾಗಿದೆ. ಜೊತೆಗೆ ಲೆನ್ಸ್ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಜೇಡನ ಎಳೆಯಂಥದು ಕಂಡರೆ ಅದು ಫಂಗಸ್, ಕೊಳ್ಳಬೇಡಿ.

ಮೂರನೆಯದು ಧೂಳು. ಎಫ್/16, ಐಎಸ್‌ಒ 100 ಇಟ್ಟು ಬೇಕೆಂದೇ ಫೋಕಸ್ ತಪ್ಪಿಸಿ ಖಾಲಿ ಆಕಾಶ ತೆಗೆದರೆ ಸೆನ್ಸರ್ ಮೇಲಿನ ಕಣಗಳು ಬೂದು ಮಚ್ಚೆಗಳಾಗಿ ಕಾಣುತ್ತವೆ. ಎಫ್/2.8ರಲ್ಲಿ ಅವೇ ಕಾಣವು, ಅಗಲವಾಗಿ ಬರುವ ಬೆಳಕು ಕಣದ ನೆರಳನ್ನು ಅಳಿಸಿಬಿಡುತ್ತದೆ. ಲೆನ್ಸ್ ತೆಗೆದು ಸೆನ್ಸರ್‌ಗೆ ಎದುರಾಗಿ ನೋಡುವಾಗ ಫೋಟೊವನ್ನು ಮೇಲೆ-ಕೆಳಗಷ್ಟೇ ತಿರುಗಿಸಿಕೊಳ್ಳಿ: ಫೋಟೊದ ಮೇಲಿನ ಎಡಮೂಲೆಯ ಮಚ್ಚೆ ಇಲ್ಲಿ ಕೆಳಗಿನ ಎಡಮೂಲೆಯಲ್ಲಿರುತ್ತದೆ. ಬಾಡಿಯ ಬಾಯಿ ಕೆಳಮುಖ ಮಾಡಿ ರಬ್ಬರ್ ಬ್ಲೋವರ್‌ನಿಂದ ನಾಲ್ಕೈದು ಸಲ ಗಾಳಿ ಹೊಡೆಯಿರಿ, ಆಗ ಉದುರಿದ್ದು ಹೊರಗೆ ಬೀಳುತ್ತದೆ. ಬಾಯಲ್ಲಿ ಊದಿದರೆ ಎಂಜಲು ಹಾರುತ್ತದೆ, ಡಬ್ಬಿಯ ಒತ್ತಡದ ಗಾಳಿಯಲ್ಲಿ ದ್ರವ ಚಿಮ್ಮಿ ಕಲೆಯಾಗುತ್ತದೆ. ಎರಡನ್ನೂ ಒರೆಸಲು ದ್ರಾವಣ ಹಾಕಿದ ಸ್ವಾಬ್ ಬೇಕಾಗುತ್ತದೆ.