ಸ್ಪೇನಿನ ತೆರೆಯ ಮೇಲೆ ಹೆಣ್ಣಿನ ಕೊನೆಯ ದೃಶ್ಯ ಬರೆದವರು ಯಾರು?

1953ರ ಹಾಲಿವುಡ್ ಚಿತ್ರ ‘ಮೊಗಾಂಬೊ’ದಲ್ಲಿ ಗ್ರೇಸ್ ಕೆಲಿ ಮತ್ತು ಡೊನಾಲ್ಡ್ ಸಿಂಡೆನ್ ಗಂಡ ಹೆಂಡತಿ. ಹೆಂಡತಿಗೆ ಬೇಟೆಗಾರನೊಬ್ಬನ ಮೇಲೆ ಮನಸ್ಸಾಗುತ್ತದೆ. ಸ್ಪೇನಿನಲ್ಲಿ ತೆರೆಕಂಡ ಪ್ರತಿಯಲ್ಲಿ ಇದೇ ಜೋಡಿ ಒಡಹುಟ್ಟಿದವರು! ಮದುವೆಯಾದ ಹೆಣ್ಣು ಪರಪುರುಷನನ್ನು ಬಯಸಿದ್ದನ್ನು ಮುಚ್ಚಲು ಡಬ್ಬಿಂಗ್‌ನಲ್ಲಿ ಮಾತು ಬದಲಿಸಿದ್ದರು. ಮಾತು ಬದಲಾದರೂ ದೃಶ್ಯ ಬದಲಾಗಲಿಲ್ಲ. ಇವರ ಸಲುಗೆ ಕಂಡ ಪ್ರೇಕ್ಷಕರಿಗೆ ಅಣ್ಣ ತಂಗಿಯರ ನಡುವೆಯೇ ಏನೋ ಇದೆ ಅನ್ನಿಸಿತು. ವ್ಯಭಿಚಾರ ಅಳಿಸಲು ಹೋದವರು ಅದಕ್ಕಿಂತ ದೊಡ್ಡದನ್ನು ತಂದು ಕೂರಿಸಿದ್ದರು.

ಇದಕ್ಕೆ ದಾರಿಯಾದದ್ದು 1941ರ ಆದೇಶ. ವಿದೇಶಿ ಚಿತ್ರಗಳನ್ನೆಲ್ಲ ಕಸ್ತೀಲಿಯನ್ ಸ್ಪ್ಯಾನಿಷ್‌ಗೆ ಡಬ್ ಮಾಡಲೇಬೇಕು ಎಂದು ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಕಡ್ಡಾಯ ಮಾಡಿತು. ಸ್ವದೇಶಿ ಚಿತ್ರಗಳ ಮೇಲೆ ಹಿಡಿತ ಇನ್ನೂ ಬಿಗಿ. ಚಿತ್ರೀಕರಣಕ್ಕೆ ಮೊದಲು ಚಿತ್ರಕಥೆ ಒಪ್ಪಿಸಬೇಕು, ಮುಗಿದ ಮೇಲೆ ಚಿತ್ರ ತೋರಿಸಬೇಕು. ಸೆನ್ಸಾರ್ ಮಂಡಳಿ ಕೊಡುವ ದರ್ಜೆಗೆ ತಕ್ಕಂತೆ ನಿರ್ಮಾಪಕನಿಗೆ ವಿದೇಶಿ ಚಿತ್ರ ತರಿಸುವ ಪರವಾನಗಿ ಸಿಗುತ್ತಿತ್ತು, ದುಡ್ಡು ಇದ್ದದ್ದು ಅಲ್ಲಿ. ಏನನ್ನು ತೋರಿಸಬಾರದು ಎಂಬ ಲಿಖಿತ ನಿಯಮಾವಳಿ ಬಂದದ್ದು 1963ರಲ್ಲಿ. ಅಲ್ಲಿಯವರೆಗೆ ಗೆರೆ ಎಲ್ಲಿದೆಯೆಂದು ಗೊತ್ತಿಲ್ಲದೆ ಬರೆಯುವವರೇ ಮೊದಲು ಕತ್ತರಿ ಆಡಿಸುತ್ತಿದ್ದರು. ನಿಯಮಾವಳಿ ಬಂದ ಮೇಲೂ ವಿಚ್ಛೇದನ, ವ್ಯಭಿಚಾರ, ಗರ್ಭಪಾತಗಳನ್ನು ಸಮರ್ಥಿಸುವಂತಿರಲಿಲ್ಲ.

ಗಮನಿಸಬೇಕಾದ ಮಾತು ಈ ‘ಸಮರ್ಥಿಸುವಂತಿಲ್ಲ’ ಎಂಬುದು. ಹೆಣ್ಣು ತಪ್ಪು ಮಾಡಿದ್ದನ್ನು ತೋರಿಸಬಹುದು, ಆದರೆ ಅವಳು ಅದಕ್ಕೆ ಬೆಲೆ ತೆರಲೇಬೇಕು. ಹಾಗಾಗಿ ಆ ಕಾಲದ ಚಿತ್ರಗಳನ್ನು ಕೊನೆಯಿಂದ ನೋಡುತ್ತ ಬರಬೇಕು. ಬಾರ್ದೆಮ್ ನಿರ್ದೇಶನದ ‘ಮುಯೆರ್ತೆ ದೆ ಉನ್ ಸಿಕ್ಲಿಸ್ತಾ’ (1955) ಚಿತ್ರದಲ್ಲಿ ಪ್ರಿಯಕರನೊಂದಿಗೆ ಕಾರಿನಲ್ಲಿ ಹೋಗುತ್ತಿದ್ದ ಶ್ರೀಮಂತರ ಮನೆಯ ಹೆಂಡತಿ ಸೈಕಲ್ ಸವಾರನೊಬ್ಬನಿಗೆ ಗುದ್ದುತ್ತಾಳೆ. ಕೊನೆಗೆ ಅವಳ ಕಾರೇ ಸೇತುವೆಯಿಂದ ಕೆಳಗುರುಳುತ್ತದೆ. 1957ರ ‘ಎಲ್ ಉಲ್ತಿಮೊ ಕುಪ್ಲೆ’ಯಲ್ಲಿ ನಟಿ ಸಾರಾ ಮೊಂತಿಯೆಲ್ ಜನರನ್ನು ಹುಚ್ಚೆಬ್ಬಿಸಿದಳು. ಮನಸ್ಸಿಗೆ ಬಂದಂತೆ ಪ್ರೀತಿಸಿದ ಆ ಹಾಡುಗಾರ್ತಿಗೂ ವೇದಿಕೆಯಲ್ಲೇ ಸಾವು.

ಮಂಡಳಿಯ ಲೆಕ್ಕ ತಲೆಕೆಳಗಾದದ್ದು ನಿರ್ದೇಶಕ ಲೂಯಿ ಬುನ್ಯುಯೆಲ್‌ನ ‘ವಿರಿದಿಯಾನಾ’ದಲ್ಲಿ. ಸನ್ಯಾಸಿನಿಯಾಗಲು ಹೊರಟಿದ್ದ ನಾಯಕಿ ಕೊನೆಗೆ ದಾಯಾದಿಯ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋಗುತ್ತಾಳೆಂದು ಬರೆದಿತ್ತು. ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಆಗ ಬುನ್ಯುಯೆಲ್ ಕೋಣೆಯಲ್ಲಿ ಮನೆಗೆಲಸದವಳನ್ನೂ ಕೂರಿಸಿ, ಮೂವರೂ ಇಸ್ಪೀಟು ಆಡುವಂತೆ ಮಾಡಿದ. ಯಾರೂ ಯಾರನ್ನೂ ಮುಟ್ಟುವುದಿಲ್ಲ, ಆದರೂ ಇಬ್ಬರ ಬದಲು ಮೂವರ ಸಂಬಂಧದ ಸೂಚನೆ ಬಂತು. 1961ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಈ ಚಿತ್ರಕ್ಕೆ ಬಂತು. ವ್ಯಾಟಿಕನ್‌ನ ಪತ್ರಿಕೆ ಕಿಡಿಕಾರಿತು. ಸ್ಪೇನಿನ ಪ್ರೇಕ್ಷಕರು ಚಿತ್ರ ನೋಡಲು 1977ರವರೆಗೆ ಕಾಯಬೇಕಾಯಿತು.

ಅದೇ ವರ್ಷ ನವೆಂಬರ್‌ನಲ್ಲಿ ಸೆನ್ಸಾರ್ ರದ್ದಾಯಿತು. ಕಾನೂನು ಅದರ ಆಚೀಚೆ ಬದಲಾಗುತ್ತಿತ್ತು. ಮದುವೆಯಾದ ಹೆಣ್ಣು ಕೆಲಸಕ್ಕೆ ಸೇರಲು ಗಂಡನ ಅನುಮತಿ ಬೇಕೆಂಬ ನಿಯಮ 1975ರವರೆಗೂ ಇತ್ತು. ವ್ಯಭಿಚಾರ 1978ರವರೆಗೂ ಅಪರಾಧ. ವಿಚ್ಛೇದನದ ಕಾನೂನು ಬಂದದ್ದು 1981ರಲ್ಲಿ. ಇತ್ತ ತೆರೆಯ ಮೇಲೆ ಸ್ವಾತಂತ್ರ್ಯ ಎಂದರೆ ಬಟ್ಟೆ ಬಿಚ್ಚುವುದು ಎಂದಾಯಿತು. ಆ ಅಲೆಯ ಹೆಸರೇ ‘ದೆಸ್ತಾಪೆ’, ಅಂದರೆ ಮುಚ್ಚಿದ್ದನ್ನು ತೆರೆಯುವುದು. ಮೈ ಕಂಡಿತು, ಮಾತು ಕೇಳಿಸಲಿಲ್ಲ. ಹೆಚ್ಚಿನ ಚಿತ್ರಗಳಲ್ಲಿ ನೋಡುವ ಕಣ್ಣು ಗಂಡಸಿನದೇ ಆಗಿ ಉಳಿಯಿತು.

ಮಾತು ಕೇಳಿಸಿದ್ದು ಹೆಂಗಸರು ಕ್ಯಾಮೆರಾ ಹಿಂದೆ ನಿಂತಾಗ. 1978ರಲ್ಲಿ ಸೆಸಿಲಿಯಾ ಬಾರ್ತೊಲೊಮೆಯ ‘ವಾಮೊನೊಸ್, ಬಾರ್ಬರಾ’ ಬಂತು: ಹೆಂಡತಿಯೊಬ್ಬಳು ಗಂಡನನ್ನು ಬಿಟ್ಟು ಮಗಳ ಜೊತೆ ಹೊರಡುತ್ತಾಳೆ. ಹೊಸೆಫಿನಾ ಮೊಲಿನಾ ‘ಫುನ್ಸಿಯೋನ್ ದೆ ನೋಚೆ’ಯಲ್ಲಿ (1981) ಇನ್ನೂ ಮುಂದೆ ಹೋದಳು. ನಟಿ ಲೋಲಾ ಎರ್ರೇರಾ ಮತ್ತು ಅವಳಿಂದ ಬೇರೆಯಾಗಿದ್ದ ಗಂಡ, ನಟ ದಾನಿಯೆಲ್ ದಿಸೆಂತಾ ನಾಟಕದ ಮೇಕಪ್ ಕೋಣೆಯಲ್ಲಿ ಕುಳಿತು ತಮ್ಮದೇ ದಾಂಪತ್ಯವನ್ನು ಬಿಡಿಸಿಡುತ್ತಾರೆ. ಮಾತು ಬರೆದುಕೊಟ್ಟದ್ದಲ್ಲ. ಹಾಸಿಗೆಯಲ್ಲಿ ಸುಖದ ನಟನೆ ಮಾಡಿದ್ದೆ ಎಂದು ಹೆಂಡತಿ ಗಂಡನ ಮುಖ ನೋಡಿ ಹೇಳುವ ಗಳಿಗೆ ಇಂದಿಗೂ ಉಸಿರು ಹಿಡಿಸುತ್ತದೆ. ಎಷ್ಟೋ ಬಿಚ್ಚಿದ ಬಟ್ಟೆಗಳು ತೋರಿಸದ ಬೆತ್ತಲೆ ಅದು.

ಆದರೂ ದಾರಿ ಸಲೀಸಾಗಲಿಲ್ಲ. 1987ರಲ್ಲಿ ಶುರುವಾದ, ಸ್ಪೇನಿನ ಚಿತ್ರರಂಗದ ಗೋಯಾ ಪ್ರಶಸ್ತಿಗಳಲ್ಲಿ ನಿರ್ದೇಶನದ ಗೌರವ ಹೆಣ್ಣಿಗೆ ಮೊದಲು ಸಿಕ್ಕಿದ್ದು 1997ರಲ್ಲಿ, ಪಿಲಾರ್ ಮಿರೋಗೆ. ನಂತರ ಅದನ್ನು ಪಡೆದವಳು ಇಸಿಯಾರ್ ಬೊಯಾಯಿನ್, ‘ತೆ ದೊಯ್ ಮಿಸ್ ಒಹೊಸ್’ (2003) ಚಿತ್ರಕ್ಕೆ. ಅದರಲ್ಲಿ ಟೊಲೆಡೊ ಊರಿನ ನಾಯಕಿ, ಅವಳ ಹೆಸರೂ ಪಿಲಾರ್, ರಾತ್ರೋರಾತ್ರಿ ಮಗನನ್ನು ಎಳೆದುಕೊಂಡು ಸೋದರಿಯ ಮನೆಗೆ ಓಡಿಬರುತ್ತಾಳೆ. ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ ಹಾಗೇ ಇದೆ. ಗಂಡನ ಪೆಟ್ಟನ್ನು ತೋರಿಸದೆಯೇ ಬೊಯಾಯಿನ್ ಆ ಚಪ್ಪಲಿಯಿಂದ ಎಲ್ಲ ಹೇಳುತ್ತಾಳೆ. ಕೌಟುಂಬಿಕ ಹಿಂಸೆಯ ವಿರುದ್ಧ ಸ್ಪೇನಿನ ಸಮಗ್ರ ಕಾನೂನು ಬಂದದ್ದು ಮರುವರ್ಷ ಡಿಸೆಂಬರ್‌ನಲ್ಲಿ.

ಈ ಚಿತ್ರದ ಕೊನೆಯಲ್ಲಿ ಸೇತುವೆಯಿಲ್ಲ, ಉರುಳುವ ಕಾರಿಲ್ಲ. ಪಿಲಾರ್ ಗೆಳತಿಯರನ್ನು ಜೊತೆಗೆ ಕರೆದುಕೊಂಡು ಮನೆಗೆ ಬರುತ್ತಾಳೆ, ತನ್ನ ಸಾಮಾನು ಎತ್ತಿಕೊಂಡು ಹೊರಡುತ್ತಾಳೆ. ಗಂಡ ಕಿಟಕಿಯಿಂದ ನೋಡುತ್ತ ನಿಂತಿರುತ್ತಾನೆ.