ಪ್ರಥಮ ಚಿಕಿತ್ಸೆ ಪೆಟ್ಟಿಗೆ: ಮನೆಗೆ ಯಾವುದು, ಗಾಡಿಗೆ ಯಾವುದು, ಕೆಲಸದ ಜಾಗಕ್ಕೆ ಯಾವುದು?

ಪ್ರಥಮ ಚಿಕಿತ್ಸೆ ಕಲಿಯಲು ಕೂತ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಯಾವ ಕಿಟ್ ತಗೊಳ್ಳಲಿ?" ಅದಕ್ಕೆ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಶಹಾಬಾದ್‌ನ ಕಲ್ಲು ಪಾಲಿಶ್ ಮಾಡುವ ಜಾಗಕ್ಕೆ ಬೇಕಾದದ್ದು ಬೇರೆ. ಬೀದರ್ ಪೇಟೆಯ ಬಾಡಿಗೆ ಮನೆಗೆ ಬೇಕಾದದ್ದು ಬೇರೆ. ಸುರಪುರದ ಭತ್ತದ ಗದ್ದೆಗೆ ಹೋಗುವ ಟ್ರ್ಯಾಕ್ಟರ್‌ಗೆ ಬೇಕಾದದ್ದು ಇನ್ನೂ ಬೇರೆ.

ಅದಕ್ಕೇ ದುಡ್ಡು ತೆಗೆಯುವ ಮೊದಲು ಒಂದು ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ. ಈ ಜಾಗದಲ್ಲಿ ಏನೇನು ಅನಾಹುತ ಆಗಬಹುದು? 108 ಆಂಬುಲೆನ್ಸ್ ಬರಲು ಅಥವಾ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕು? ಆ ಹೊತ್ತಿನಲ್ಲಿ ಪೆಟ್ಟಿಗೆಗೆ ಕೈ ಹಾಕುವವರು ಯಾರು, ಅವರಿಗೆ ಏನು ಬರುತ್ತದೆ? ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಬಳಸಲು ಯಾರಿಗೂ ಬಾರದ ಸಾಮಾನು ಪೆಟ್ಟಿಗೆಯಲ್ಲಿ ಸುಮ್ನೆ ಜಾಗ ತಿನ್ನುತ್ತದೆ. ಎರಡನೆಯದಕ್ಕೆ ಉತ್ತರ ಊರಿಂದ ಊರಿಗೆ ಬದಲಾಗುತ್ತದೆ. ಕಲಬುರಗಿ ನಗರದೊಳಗೆ ಇರುವವರಿಗೂ ಚಿಂಚೋಳಿ ಕಡೆಯ ತಾಂಡಾದಲ್ಲಿ ಇರುವವರಿಗೂ ಬಹಳ ವ್ಯತ್ಯಾಸ ಇದೆ. ಆಸ್ಪತ್ರೆ ದೂರ ಆದಷ್ಟೂ ಪಟ್ಟಿ, ಗಾಜ್ (ಗಾಯಕ್ಕೆ ಇಡುವ ತೆಳು ಜಾಳಿ ಬಟ್ಟೆ), ನೀರು ಜಾಸ್ತಿ ಬೇಕು. ಗುಳಿಗೆ ಜಾಸ್ತಿ ಬೇಕು ಅಂತ ಅರ್ಥ ಅಲ್ಲ.

ಎಲ್ಲ ಪೆಟ್ಟಿಗೆಗೂ ಬೇಕಾದದ್ದು

ಆನ್‌ಲೈನ್‌ನಲ್ಲಿ "100 ಪೀಸ್ ಕಿಟ್" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಆ ಸಂಖ್ಯೆಗೆ ಮರುಳಾಗಬೇಡಿ. ಒಳಗಿನ ಪಟ್ಟಿಯನ್ನು ಪೂರ್ತಿ ಓದಿ. ಎಷ್ಟೋ ಕಿಟ್‌ಗಳಲ್ಲಿ ಚಿಕ್ಕ ಬ್ಯಾಂಡ್‌ಏಡ್, ಸೇಫ್ಟಿ ಪಿನ್, ಕಿವಿಕಡ್ಡಿಗಳೇ ಸೇರಿ ಆ ಲೆಕ್ಕ ತುಂಬಿರುತ್ತದೆ. ಕೈ ಸೀಳಿ ರಕ್ತ ಸುರಿಯುವಾಗ ಅವು ಯಾವ ಕೆಲಸಕ್ಕೂ ಬರುವುದಿಲ್ಲ.

ರಕ್ತ ನಿಲ್ಲುವುದು ಒತ್ತುವುದರಿಂದ. ಒತ್ತಲು ದಪ್ಪ ಗಾಜ್ ಪ್ಯಾಡ್ ಬೇಕು. ಅದು ಜಾರದ ಹಾಗೆ ಸುತ್ತಲು ರೋಲರ್ ಬ್ಯಾಂಡೇಜ್ ಬೇಕು. ಸುತ್ತುವವರ ಕೈಗೆ ಗ್ಲೌಸ್ ಬೇಕು. ಪೆಟ್ಟಿಗೆಯ ಮುಖ್ಯ ಸಾಮಾನು ಇವೇ, ಉಳಿದದ್ದೆಲ್ಲ ಆಮೇಲೆ. ಗಾಜ್ ಪ್ಯಾಡ್ 10 ಸೆಂ.ಮೀ. ಚೌಕದ್ದು ಹೆಚ್ಚು ಇರಲಿ, ಇನ್ನೂ ದೊಡ್ಡದು ಒಂದೆರಡು ಇರಲಿ. ರೋಲರ್ ಬ್ಯಾಂಡೇಜ್ ಒಂದೇ ಅಗಲದ್ದು ತರಬೇಡಿ. ಬೆರಳಿಗೆ 2.5 ಸೆಂ.ಮೀ., ಅಂಗೈ ಮತ್ತು ಮಣಿಕಟ್ಟಿಗೆ 7.5, ಮೊಣಕಾಲಿಗೆ 10, ತೊಡೆಗೆ 15 ಸರಿಹೋಗುತ್ತದೆ. ಗಾಯದ ಮೇಲೆ ನೇರವಾಗಿ ಹತ್ತಿ ಇಡಬೇಡಿ. ಎಳೆ ಗಾಯಕ್ಕೆ ಅಂಟಿಕೊಂಡು, ತೆಗೆಯುವಾಗ ನೋವೂ ಆಗುತ್ತದೆ, ನಿಂತ ರಕ್ತವೂ ಮತ್ತೆ ಬರುತ್ತದೆ. ಗಾಜ್ ಇಟ್ಟ ಮೇಲೆ, ಅದರ ಹೊರಗೆ ಮೆತ್ತೆಯಾಗಿ ಬೇಕಾದರೆ ಹತ್ತಿ ಇಡಬಹುದು.

ಮೂಲೆಪಟ್ಟಿ, ಅಂದರೆ ತ್ರಿಕೋನದ ಬಟ್ಟೆ, ಕೊಂಡೇ ತರಬೇಕು ಅಂತಿಲ್ಲ. ತೊಳೆದ ಹಳೆಯ ಹತ್ತಿ ಸೀರೆ ಅಥವಾ ಧೋತರದಲ್ಲಿ ಒಂದು ಮೀಟರ್ ಚೌಕ ಕತ್ತರಿಸಿ. ಅದನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಸಿಗುತ್ತವೆ. ಮುರಿದ ಕೈಯನ್ನು ಕೊರಳಿಗೆ ತೂಗುಹಾಕಲು, ಕೋಲಿಗೆ ಕಾಲು ಕಟ್ಟಲು, ತಲೆಗೆ ಸುತ್ತಲು ಇದಕ್ಕಿಂತ ಉಪಯೋಗದ್ದು ಬೇರೆ ಇಲ್ಲ.

ಗಾಜ್ ಕೊಳ್ಳುವಾಗ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿ. "ಸ್ಟೆರೈಲ್", ಅಂದರೆ ರೋಗಾಣು ಇಲ್ಲದ್ದು, ಅಂತ ಅಚ್ಚಾಗಿರಬೇಕು, ಅವಧಿ ಮುಗಿಯುವ ತಿಂಗಳು ಇರಬೇಕು, ಅಂಚು ಬಿಟ್ಟಿರಬಾರದು. ಒಂದು ಸೂಜಿಯಷ್ಟು ತೂತು ಬಿದ್ದರೂ ಅದು ಸ್ಟೆರೈಲ್ ಅಲ್ಲ. ಮೆಡಿಕಲ್ ಅಂಗಡಿಯಲ್ಲಿ ದೊಡ್ಡ ಕಟ್ಟಿನಿಂದ ಕತ್ತರಿಸಿ ಕಾಗದದಲ್ಲಿ ಸುತ್ತಿಕೊಡುವ ಗಾಜ್ ಬಟ್ಟೆ ಒರೆಸಲು, ಮೆತ್ತೆಗೆ ಆಗುತ್ತದೆ. ತೆರೆದ ಗಾಯದ ಮೇಲೆ ಇಡಲು ಅದು ಬೇಡ.

ಇನ್ನು ಟೇಪ್. ಮೈಕ್ರೋಪೋರ್ ಟೇಪಿನ ತುದಿ ಸುರುಳಿಗೆ ಅಂಟಿ ಕೂತರೆ ಬೆವರಿದ ಗ್ಲೌಸ್ ಕೈಗೆ ಸಿಗುವುದೇ ಇಲ್ಲ. ತುದಿಯನ್ನು ಒಂದು ಸೆಂ.ಮೀ. ಒಳಕ್ಕೆ ಮಡಚಿ ಇಡಿ. ಕತ್ತರಿ ಮೊಂಡು ಮೂತಿಯದು ಇರಲಿ. ಚರ್ಮಕ್ಕೆ ಚುಚ್ಚದೆ ಪ್ಯಾಂಟಿನ ಕಾಲು, ರವಿಕೆ ತೋಳು ಕತ್ತರಿಸಲು ಅದೇ ಬೇಕು. ಮನೆಯಲ್ಲಿ ಒಂದು ಹಳೆಯ ಜೀನ್ಸ್ ಮೇಲೆ ಕತ್ತರಿಸಿ ನೋಡಿ. ಕತ್ತರಿಸದಿದ್ದರೆ ಆ ಕತ್ತರಿ ಬದಲಿಸಿ.

ಗಾಯ ತೊಳೆಯಲು ಏನು ಇಡಬೇಕು? ಹರಿಯುವ ಶುದ್ಧ ನೀರು, ಗಾಯದ ಸುತ್ತ ಸಾಬೂನು, ನೀರಿಲ್ಲದ ಕಡೆಗೆ 100 ಮಿ.ಲೀ. ಸಲೈನ್ (ಶುದ್ಧ ಉಪ್ಪುನೀರು) ಬಾಟಲಿ. ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ಮುಲಾಮು ಹಚ್ಚಬಹುದು. ಸ್ಪಿರಿಟ್, ನೀರು ಬೆರೆಸದ ಡೆಟಾಲ್ ತೆರೆದ ಗಾಯಕ್ಕೆ ಸುರಿಯಬಾರದು. ಉರಿದರೆ ಒಳ್ಳೆಯದು ಅಂತ ನಂಬಿಕೆ ಇದೆ, ಆದರೆ ಆ ಉರಿಯಲ್ಲಿ ಮಾಂಸಕ್ಕೂ ಪೆಟ್ಟಾಗುತ್ತದೆ. ನನ್ನ ಮಟ್ಟಿಗೆ ಪೆಟ್ಟಿಗೆಯಲ್ಲಿ ಯಾರೂ ಬೆಲೆ ಕೊಡದ ಸಾಮಾನು ಸಾಬೂನು. ನಾಯಿ ಕಚ್ಚಿದರೆ ಮಾಡಬೇಕಾದ ಮೊದಲ ಕೆಲಸ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು. ರೇಬಿಸ್ ಲಸಿಕೆಗೆ ಓಡುವುದು ಅದಾದ ಮೇಲೆ, ಅದೇ ದಿನ.

ನಮ್ಮ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಿರಿ

ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಸೀಮೆ ನಮ್ಮದು. ನೆರಳಿನಲ್ಲೇ 42-43 ಡಿಗ್ರಿ ಇರುವಾಗ ಬಿಸಿಲಿಗೆ ನಿಂತ ಕಾರಿನೊಳಗೆ ಇನ್ನೂ ಎಷ್ಟೋ ಜಾಸ್ತಿ ಇರುತ್ತದೆ. ಹೆಚ್ಚಿನ ಗುಳಿಗೆ, ಮುಲಾಮುಗಳ ಮೇಲೆ 25 ಅಥವಾ 30 ಡಿಗ್ರಿ ಒಳಗೆ ಇಡಿ ಅಂತ ಬರೆದಿರುತ್ತದೆ. ಅಂದ ಮೇಲೆ ಡ್ಯಾಶ್‌ಬೋರ್ಡ್ ಮೇಲೆ ಬೇಸಿಗೆ ಕಳೆದ ಮುಲಾಮನ್ನು ತಾರೀಕು ನೋಡಿ ನಂಬುವುದು ಹೇಗೆ? ಬ್ಯಾಂಡ್‌ಏಡಿನ ಅಂಟು ಕರಗುತ್ತದೆ, ಲೇಟೆಕ್ಸ್ ಗ್ಲೌಸ್ ಪೆಡಸಾಗಿ ಹರಿಯುತ್ತದೆ. ಗಾಡಿಗೆ ನೈಟ್ರೈಲ್ ಗ್ಲೌಸ್ ತಗೊಳ್ಳಿ, ಅದನ್ನೂ ಬೇಸಿಗೆ ಮುಗಿದ ಮೇಲೆ ಎಳೆದು ನೋಡಿ ಬದಲಿಸಿ. ಔಷಧಿ ಗಾಡಿಯಲ್ಲಿ ಬೇಡ, ಕೈಚೀಲದಲ್ಲಿ ಇರಲಿ.

ಬಿಸಿಲಿನಿಂದ ಆಗುವ ಇನ್ನೊಂದು ಅನಾಹುತ ಮನುಷ್ಯರದ್ದು. ಅದಕ್ಕೆ ಓಆರ್‌ಎಸ್, ಅಂದರೆ ನೀರಿನಲ್ಲಿ ಕಲಸಿ ಕುಡಿಯುವ ಉಪ್ಪು-ಸಕ್ಕರೆ ಪುಡಿ, ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣ 20.5 ಗ್ರಾಂ, ಅದಕ್ಕೆ ಪೂರಾ ಒಂದು ಲೀಟರ್ ನೀರು. ಚಿಕ್ಕದಾದರೆ 200 ಮಿ.ಲೀ. ರುಚಿಗೆ ಅಂತ ನೀರು ಕಡಿಮೆ ಹಾಕಬಾರದು. ಕಲಸಿದ್ದನ್ನು 24 ಗಂಟೆ ಒಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಬಣ್ಣದ ಡಬ್ಬಿಯ ಸಿಹಿ ಪಾನೀಯಗಳು ಇದಕ್ಕೆ ಬದಲಿ ಅಲ್ಲ. ಆದರೆ ಬಿಸಿಲಿಗೆ ಬಿದ್ದವರು ತಡವರಿಸಿ ಮಾತಾಡುತ್ತಿದ್ದರೆ, ಎಚ್ಚರ ತಪ್ಪುತ್ತಿದ್ದರೆ, ಬಾಯಿಗೆ ಏನೂ ಹಾಕಬೇಡಿ. ನೆರಳಿಗೆ ತಂದು, ಮೈಮೇಲೆ ನೀರು ಹಾಕಿ, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ.

ಮನೆಗೆ

ಮನೆಯಲ್ಲಿ ಹೆಚ್ಚಾಗಿ ಆಗುವುದು ಕೊಯ್ದುಕೊಳ್ಳುವುದು, ಬೀಳುವುದು, ಸುಟ್ಟುಕೊಳ್ಳುವುದು. ರೊಟ್ಟಿ ಹಂಚು ತಾಗುತ್ತದೆ, ಚಹಾ ಮೈಮೇಲೆ ಚೆಲ್ಲುತ್ತದೆ. ಸುಟ್ಟ ಗಾಯದ ಮೊದಲ ಔಷಧಿ ಪೆಟ್ಟಿಗೆಯಲ್ಲಿ ಇಲ್ಲ, ನಲ್ಲಿಯಲ್ಲಿದೆ. 20 ನಿಮಿಷ ತಣ್ಣೀರು ಹರಿಸಿ. ಬಾವು ಬರುವ ಮೊದಲೇ ಬಳೆ, ಉಂಗುರ ತೆಗೆಸಿ. ನಲ್ಲಿ ಬಾರದ ದಿನಕ್ಕೆ ಕೊಡದ ನೀರನ್ನು ಚೊಂಬಿನಿಂದ ಮೆಲ್ಲಗೆ ಹಾಕುತ್ತಿರಿ. "ಟೂತ್‌ಪೇಸ್ಟ್ ಹಚ್ಚವ್ವಾ, ತಂಪಾಗತದ" ಅಂತ ಯಾರಾದರೂ ಹಿರಿಯರು ಅಂದರೆ, "ಆಯಿ, ಮೊದಲ ನೀರು ಹಾಕೂಣು" ಅಂತ ಸಮಾಧಾನದಿಂದ ಹೇಳಿ. ಪೇಸ್ಟ್, ಅರಿಶಿನ, ಶಾಯಿ ಯಾವುದೂ ಬೇಡ. ಆಮೇಲೆ ಅಂಟದಂಥ ಡ್ರೆಸ್ಸಿಂಗ್ ಸಡಿಲವಾಗಿ ಮುಚ್ಚಬೇಕು. ಅದಕ್ಕೆ ಪ್ಯಾರಾಫಿನ್ ಗಾಜ್ ಒಂದೆರಡು ಇಟ್ಟುಕೊಳ್ಳಿ.

ಚೇಳು ನಮ್ಮ ಕಡೆ ಸಾಮಾನ್ಯ, ಕಲ್ಲು ಕಟ್ಟಿಗೆ ಎತ್ತುವಾಗ ಕಡಿಯುತ್ತದೆ. ಮಗುವಿಗೆ ಕಡಿದು ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಒಂದು ನಿಮಿಷವೂ ಕಾಯಬೇಡಿ. ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಇದಕ್ಕೆ ಪ್ರಜೋಸಿನ್ ಅನ್ನುವ ಗುಳಿಗೆ ಕೆಲಸ ಮಾಡುತ್ತದೆ ಅಂತ ತೋರಿಸಿಕೊಟ್ಟ ಮೇಲೆ ಸಾವು ಬಹಳ ತಗ್ಗಿತು. ಆದರೆ ಅದು ರಕ್ತದೊತ್ತಡ ಇಳಿಸುವ ಔಷಧಿ, ವೈದ್ಯರ ಕೈಯಲ್ಲೇ ಇರಬೇಕು. ಮನೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಸಾಮಾನು ಅಲ್ಲ.

ಡಿಜಿಟಲ್ ಥರ್ಮಾಮೀಟರ್, ಪ್ಯಾರಾಸಿಟಮಾಲ್, ಮನೆಯವರ ಬಿಪಿ, ಶುಗರ್ ಗುಳಿಗೆಗಳ ಹೆಸರು ಬರೆದ ಚೀಟಿ ಇರಲಿ. ಗುಳಿಗೆಗಳನ್ನು ಬೇರೆ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಸ್ಟ್ರಿಪ್ ಕತ್ತರಿಸುವಾಗ ತಾರೀಕು ಇರುವ ಕಡೆಯನ್ನು ಕೊನೆಗೆ ಉಳಿಸಿ. ಪಟ್ಟಿ, ಗಾಜ್ ಇರುವ ಪೆಟ್ಟಿಗೆಗೆ ಮಾತ್ರ ಬೀಗ ಹಾಕಬೇಡಿ.

ಗಾಡಿಗೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹೊಸ ಗಾಡಿಯ ಜೊತೆಗೇ ಪ್ರಥಮ ಚಿಕಿತ್ಸೆ ಕಿಟ್ ಬರಬೇಕು. ಬಂದದ್ದನ್ನು ಸೀಲ್ ಒಡೆಯದೆ ಡಿಕ್ಕಿಯ ತಳಕ್ಕೆ ಹಾಕುವವರೇ ಜಾಸ್ತಿ. ಇವತ್ತೇ ತೆರೆದು ನೋಡಿ. ಹುಮನಾಬಾದ್ ದಾಟುವ ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ಅಪಘಾತ ಕಂಡರೆ ಅಲ್ಲಿ ಬೇಕಾಗುವುದು ದೊಡ್ಡ ಗಾಜ್ ಪ್ಯಾಡ್, ಅಗಲದ ಬ್ಯಾಂಡೇಜ್, ಮೂಲೆಪಟ್ಟಿ, ಮೂರ್ನಾಲ್ಕು ಜೊತೆ ಗ್ಲೌಸ್, ಕತ್ತರಿ, ಟಾರ್ಚ್, ಎಚ್ಚರಿಕೆಗೆ ರಸ್ತೆಯಲ್ಲಿ ಇಡುವ ಹೊಳೆಯುವ ತ್ರಿಕೋನ. ಪೆಟ್ಟಿಗೆ ಸಾಮಾನಿನ ಕೆಳಗೆ ಇರಬಾರದು, ಸೀಟಿನ ಕೆಳಗೆ ಕೈಗೆ ಎಟುಕಬೇಕು. ಟಂಟಂ ಆಟೋ, ಬೈಕಿಗೆ ನೀರು ನುಗ್ಗದ ಚಿಕ್ಕ ಚೀಲ ಸಾಕು.

ನೆರವಿಗೆ ನಿಂತರೆ ಪೊಲೀಸ್ ಕಿರಿಕಿರಿ ಅನ್ನುವ ಭಯ ಈಗಲೂ ಇದೆ, ಅಲ್ವಾ? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಕರ್ನಾಟಕದ್ದೇ ಆದ ಕಾಯ್ದೆ 2016ರದ್ದೂ ಇದೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದೊಳಗೆ ಅಂಟಿಸಿ. ಕೈ ಮುಂದೆ ಬರಲು ಧೈರ್ಯ ಬರುತ್ತದೆ.

ಹೊಲಕ್ಕೆ, ಕೆಲಸದ ಜಾಗಕ್ಕೆ

ಹೊಲದಲ್ಲಿ ಹಾವು ಕಡಿದರೆ ಪೆಟ್ಟಿಗೆಯಿಂದ ಬೇಕಾಗುವುದು ಅಗಲದ ಬ್ಯಾಂಡೇಜ್ ಮತ್ತು ಒಂದು ಉದ್ದನೆಯ ಪಟ್ಟಿಗೋಲು, ಅಷ್ಟೇ. ಕಾಲು ಅಲುಗಾಡದ ಹಾಗೆ ಕೋಲಿಗೆ ಕಟ್ಟಿ, ಕಾಲುಂಗುರ ತೆಗೆದು, ನಡೆಸದೆ ಆಸ್ಪತ್ರೆಗೆ ಒಯ್ಯಿರಿ. ಬಿಗಿದು ಕಟ್ಟುವುದು, ಕೊಯ್ಯುವುದು, ಬಾಯಿಂದ ಎಳೆಯುವುದು ಮೂರೂ ಬೇಡ. "ಹಾವು ಕಡಿತದ ಕಿಟ್" ಅಂತ ಬ್ಲೇಡು, ಹೀರುವ ಬುರುಡೆ ಇಟ್ಟು ಮಾರುವುದನ್ನು ಕೊಳ್ಳಲೇಬೇಡಿ. ಹಾವಿನ ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಕೊಡುವ ಆ್ಯಂಟಿವೆನಮ್. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಮದ್ದು ಆಗುವುದರಿಂದ ಹಾವು ಹಿಡಿದು ಹೊಡೆಯಲು ಹೊತ್ತು ಕಳೆಯುವುದೂ ಬೇಡ.

ತೊಗರಿಗೆ, ಹತ್ತಿಗೆ ಎಣ್ಣೆ (ಕೀಟನಾಶಕ) ಹೊಡೆಯುವಾಗ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರು ಹಾಕಬೇಕು. ಎರಡು ಸಲೈನ್ ಬಾಟಲಿ ಅದಕ್ಕೆ ಎಲ್ಲಿ ಸಾಲುತ್ತದೆ? ಒಂದು ದೊಡ್ಡ ಕ್ಯಾನ್ ಕುಡಿಯುವ ನೀರನ್ನೂ ಸಾಬೂನನ್ನೂ ಪೆಟ್ಟಿಗೆಯ ಭಾಗ ಅಂತಲೇ ಎಣಿಸಿ. ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸಬೇಡಿ. ಎಣ್ಣೆ ಬಾಟಲಿಯ ಲೇಬಲ್ಲಿನ ಫೋಟೋ ತೆಗೆದು ವೈದ್ಯರಿಗೆ ತೋರಿಸಿ.

ಕಾರ್ಖಾನೆಗೆ ಅಂತ ಲೆಕ್ಕವೇ ಇತ್ತು. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಂ ಹಾಕಿಕೊಟ್ಟದ್ದು ಹೀಗೆ: 150 ಕೆಲಸಗಾರರಿಗೆ ಒಂದಕ್ಕೆ ಕಡಿಮೆ ಇಲ್ಲದ ಹಾಗೆ ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೂ ತರಬೇತಿ ಪಡೆದ ಒಬ್ಬ ಜವಾಬ್ದಾರಿ ಮನುಷ್ಯ, ಕೆಲಸದ ಹೊತ್ತಿನಲ್ಲೆಲ್ಲ ಆತ ಸಿಗಬೇಕು. 500ಕ್ಕಿಂತ ಜಾಸ್ತಿ ಜನ ಇದ್ದರೆ ಆಂಬುಲೆನ್ಸ್ ಕೊಠಡಿ. ಪೆಟ್ಟಿಗೆಯಲ್ಲಿ ನಿಗದಿಯಾದ ಸಾಮಾನು ಬಿಟ್ಟು ಬೇರೆ ಇಡುವಂತಿರಲಿಲ್ಲ. ಹತ್ತಾರು ಜನರ ದಾಲ್ ಮಿಲ್‌ಗೂ ಇದೇ ಮಾದರಿ ಹಿಡಿಯಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎರಡು ಪಾಳಿ ಇದ್ದರೆ ಜವಾಬ್ದಾರಿ ಇಬ್ಬರಿಗೆ ಕೊಡಿ.

ದಾಲ್ ಮಿಲ್‌ನ ಬೆಲ್ಟಿಗೆ ಬೆರಳು ಸಿಕ್ಕಿ ತುಂಡಾದರೆ ಏನು ಮಾಡಬೇಕು ಅನ್ನುವುದು ಪೆಟ್ಟಿಗೆ ತುಂಬುವಾಗಲೇ ಗೊತ್ತಿರಬೇಕು. ಮೊದಲು ಕೈಯ ಗಾಯವನ್ನು ಒತ್ತಿ ಕಟ್ಟಿ. ತುಂಡಾದ ಬೆರಳನ್ನು ಸಲೈನ್‌ನಲ್ಲಿ ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಇರುವ ಇನ್ನೊಂದು ಚೀಲದಲ್ಲಿ ಇಡಿ. ಮಂಜುಗಡ್ಡೆ ಬೆರಳಿಗೆ ನೇರ ತಾಗಬಾರದು. ಅದಕ್ಕೆ ಎರಡು ಗಟ್ಟಿ ಜಿಪ್ ಚೀಲ ಪೆಟ್ಟಿಗೆಯಲ್ಲಿ ಇರಲಿ. ಮಂಜುಗಡ್ಡೆ ಹತ್ತಿರದ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಮೊದಲೇ ಕೇಳಿ ಇಡಿ. ಕಲ್ಲು ಕೊಯ್ಯುವ ಜಾಗಕ್ಕೆ, ಸಿಮೆಂಟ್ ಕೆಲಸಕ್ಕೆ ಕಣ್ಣು ತೊಳೆಯುವ ವ್ಯವಸ್ಥೆ ಎಲ್ಲಕ್ಕಿಂತ ಮೊದಲು.

ತಪಾಸಣೆ

ಮುಚ್ಚಳದ ಒಳಗೆ ಸಾಮಾನಿನ ಹೆಸರು, ಸಂಖ್ಯೆ, ಅವಧಿ ಮುಗಿಯುವ ತಿಂಗಳು ಬರೆದ ಹಾಳೆ ಅಂಟಿಸಿ. ಒಂದು ಗಾಜ್ ತೆಗೆದರೂ ಅವತ್ತೇ ಗುರುತು ಹಾಕಿ. ಕಾರ್ಖಾನೆಯಲ್ಲಿ ತಿಂಗಳಿಗೊಮ್ಮೆ ನೋಡಬೇಕು. ಮನೆಗೆ, ಗಾಡಿಗೆ ವರ್ಷಕ್ಕೆ ಎರಡು ಸಲವಾದರೂ ಬೇಕು. ಯುಗಾದಿ ಮತ್ತು ದಸರಾಕ್ಕೆ ಹೇಗೂ ಮನೆ ಸಾರಿಸಿ ಒರೆಸುತ್ತೇವೆ, ಆಗಲೇ ಪೆಟ್ಟಿಗೆಯನ್ನೂ ಇಳಿಸಿ. ಯುಗಾದಿಗೆ ಓಆರ್‌ಎಸ್ ಪೊಟ್ಟಣ ಹೆಚ್ಚಿಸಿ, ಗಾಡಿಯಲ್ಲಿ ಮುಲಾಮು ಇದ್ದರೆ ಹೊರಗೆ ತೆಗೆಯಿರಿ. ದಸರಾ ಮುಗಿದರೆ ತೊಗರಿಗೆ ಎಣ್ಣೆ ಹೊಡೆಯುವುದು, ಅದರ ಹಿಂದೆಯೇ ರಾಶಿ. ಅಷ್ಟರೊಳಗೆ ಸಲೈನ್, ಸಾಬೂನು, ದೊಡ್ಡ ಗಾಜ್ ಪ್ಯಾಡ್, ಹೊಸ ಗ್ಲೌಸ್ ತುಂಬಿಸಿ ಇಡಿ.